ಚಿಕ್ಕ ಕೈಯ ಪಾಲು

"ಮೇಷ್ಟ್ರೇ, ಇನ್ನೂ ಕೂಡಿಬರದ ಕೈ ಹಿಡಿದು, ಪಣದ ಚಿಪ್ಸನ್ನೆಲ್ಲ ಮುಂದೆ ತಳ್ಳುವುದು ಸರಿಯೋ ತಪ್ಪೋ?"

ಚೆಲುವರಾಜು ಚಪ್ಪಲಿ ಬಿಡುತ್ತಲೇ ಕೇಳಿದ. ಶ್ರೀಕಂಠಯ್ಯ ಮೇಷ್ಟ್ರು ಇಸ್ಪೀಟಾಟ ಕಲಿಸುವವರು. ಅವರ ಹತ್ತಿರ ಕಲಿತವರು ದೊಡ್ಡ ದೊಡ್ಡ ಟೂರ್ನಮೆಂಟುಗಳಿಗೆ ಹೋಗುತ್ತಿದ್ದರು. ಚೆಲುವರಾಜು ಮತ್ತು ಅವನ ತಮ್ಮ ಸಿದ್ದರಾಜು ಭಾನುವಾರ ಬೆಳಿಗ್ಗೆ ಒಟ್ಟಿಗೇ ಪಾಠಕ್ಕೆ ಬರುವುದು ವಾಡಿಕೆ. ಹಾಗಾಗಿ ಮೇಷ್ಟ್ರು ಮೂರು ಲೋಟ ಕಾಫಿ ಬಗ್ಗಿಸಿ ಇಟ್ಟಿದ್ದರು.

"ತಮ್ಮ ಎಲ್ಲೋ?"

"ಅವನ ಸುದ್ದಿ ಬೇಡ ಮೇಷ್ಟ್ರೇ. ನಿನ್ನೆ ಟೂರ್ನಮೆಂಟಿನಲ್ಲಿ ನನ್ನನ್ನು ಹೊರಗೆ ಹಾಕಿದವನೇ ಅವನು. ಇನ್ನು ನನ್ನ ಮುಖ ನೋಡಬೇಡ ಅಂದುಬಿಟ್ಟಿದ್ದೇನೆ. ನೀವು ಆಟದ ಮಾತು ಹೇಳಿ."

"ಆಟದ ಮಾತೇ ಹೇಳುತ್ತೇನೆ. ಕೂತುಕೋ. ನಡುವೆ ಬಾಯಿ ಹಾಕಬೇಡ," ಎಂದು ಗದರಿ ಮೇಷ್ಟ್ರು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಆಟಗಾರ ಇದ್ದ. ಅವನ ಹೆಂಡತಿಯೂ ಆಟಗಾರ್ತಿ. ಇಬ್ಬರೂ ಆಡುತ್ತಿದ್ದುದು ನೀವು ಆಡುವ ಆಟವನ್ನೇ, ಒಮಾಹಾ ಹೈ-ಲೋ. ನಾಲ್ಕು ಎಲೆ ಕೈಯಲ್ಲಿ, ಐದು ಎಲೆ ಮೇಜಿನ ಮೇಲೆ. ಕೊನೆಗೆ ಪಣದ ರಾಶಿ ಎರಡು ಪಾಲು. ಒಂದು ಪಾಲು ದೊಡ್ಡ ಕೈಗೆ, ಇನ್ನೊಂದು ಚಿಕ್ಕ ಚಿಕ್ಕ ಎಲೆಗಳೇ ಕೂಡಿದ ಚಿಕ್ಕ ಕೈಗೆ. ಇಬ್ಬರೂ ತಮ್ಮ ತಮ್ಮ ಪಾಲು ತಗೊಂಡು ನಗುತ್ತಾ ಏಳಬಹುದಾದ ಆಟ ಅದು. ಅಂಥ ಆಟದಲ್ಲೂ ನಿಮಗೆ ಕಚ್ಚಾಟ. ಹೋಗಲಿ ಬಿಡು.

ಅವನು ಕೂಡಿಬರದ ಕೈಯನ್ನು ತಳ್ಳಿ ಆಡುವವನು. ಒಂದೇ ಜಾತಿಯ ನಾಲ್ಕು ಎಲೆ ಸೇರಿವೆ, ಐದನೆಯದು ಇನ್ನೂ ಬರಬೇಕು ಅಂತಿಟ್ಟುಕೋ. ಬೇರೆಯವರಾದರೆ ಕಾಯುತ್ತಾರೆ. ಇವನು ಐದನೆಯದೂ ಬಂದಾಯಿತು ಅನ್ನುವ ಹಾಗೆ ಚಿಪ್ಸ್ ತಳ್ಳುತ್ತಿದ್ದ. ಎದುರಿನವರು ಹೆದರಿ ಎಲೆ ಕೆಳಗಿಟ್ಟು ಪ್ಯಾಕ್ ಮಾಡುತ್ತಿದ್ದರು. "ಎಲೆ ಬಂದರೂ ನಾನೇ ಗೆದ್ದೆ, ಅವರು ಬಿಟ್ಟರೂ ನಾನೇ ಗೆದ್ದೆ" ಅನ್ನುತ್ತಿದ್ದ. ಲೆಕ್ಕ ಸರಿಯೇ, ನಾನೂ ಅದನ್ನೇ ಕಲಿಸುತ್ತೇನೆ. ಆದರೆ ಜನ ಬಿಟ್ಟು ಹೋಗುವುದನ್ನೇ ನೋಡಿ ನೋಡಿ, ತಾನು ತಳ್ಳಿದರೆ ಯಾರೂ ನಿಲ್ಲುವುದಿಲ್ಲ ಅಂತ ಅವನ ಮನಸ್ಸಿಗೆ ಕೂತುಬಿಟ್ಟಿತು.

ಹೆಂಡತಿ ಬೇರೆ ಥರ. ಎಕ್ಕ, ಎರಡು, ಮೂರು ಅಂತ ಚಿಕ್ಕ ಎಲೆ ಹಿಡಿದು, ತನ್ನ ಪಾಲು ಬಂದರೆ ಸಾಕು ಅಂತ ಕೂತಿರುವವಳು. ಮನೆಯಲ್ಲಿ ಅವನು ಅವರೆಕಾಯಿ ಬಿಡಿಸಿಕೊಡುವನು, ಅವಳು ಒಗ್ಗರಣೆ ಹಾಕುವಳು, ಬಾಯಲ್ಲಿ ಮಾತ್ರ ಇಬ್ಬರಿಗೂ ಎಲೆಯದೇ ಮಾತು. ಅವಳೆಂದರೆ ಅವನಿಗೆ ಪ್ರಾಣ. ಅದನ್ನು ಬಾಯಿಬಿಟ್ಟು ಹೇಳಿದವನಲ್ಲ, ಪುಣ್ಯಾತ್ಮ.

ಅವರಿಬ್ಬರಲ್ಲಿ ಒಂದು ಕಟ್ಟುಪಾಡಿತ್ತು. ಒಂದೇ ಮೇಜಿಗೆ ಕೂತರೆ ಗಂಡನೂ ಇಲ್ಲ, ಹೆಂಡತಿಯೂ ಇಲ್ಲ. ದಯೆ ತೋರಿಸಿ ಎಲೆ ಬಿಟ್ಟುಕೊಟ್ಟರೆ ಅದು ಮಿಕ್ಕವರಿಗೆ ಮಾಡಿದ ಮೋಸ. ಈ ಮಾತನ್ನು ಅವಳಿಗೆ ಕಲಿಸಿದವನು ಅವನೇ.

ಒಂದು ಟೂರ್ನಮೆಂಟಿನಲ್ಲಿ ಕೊನೆಗೆ ಮೂವರು ಉಳಿದರು. ಅವನು, ಅವಳು, ಒಬ್ಬ ವ್ಯಾಪಾರಿ. ಮೇಜಿನ ಮೇಲೆ ಮೂರು ಎಲೆ ಬಿದ್ದವು. ಮೂರೂ ಚಿಕ್ಕವು, ಅದರಲ್ಲಿ ಎರಡು ಆಟೀನು ಜಾತಿಯವು. ಅವನ ಕೈಯಲ್ಲಿ ಆಟೀನು ರಾಜ, ಆಟೀನು ರಾಣಿ. ಇನ್ನೊಂದು ಆಟೀನು ಬಂದರೆ ದೊಡ್ಡ ಕೈ ಅವನದು. ಬಂದಿರಲಿಲ್ಲ. ಆದರೂ ಇದ್ದಷ್ಟನ್ನೂ ಮುಂದೆ ತಳ್ಳಿದ. ವ್ಯಾಪಾರಿ ಪ್ಯಾಕ್ ಮಾಡಿದ.

ಅವಳು ಮಾಡಲಿಲ್ಲ. ಯಾಕೆ ಮಾಡುತ್ತಾಳೆ? ಅವಳ ಚಿಕ್ಕ ಕೈ ಆಗಲೇ ಕೂಡಿತ್ತು. ಅವನ ಎಲೆ ಬಂದರೆ ಅವನಿಗೆ ಅವನ ಪಾಲು, ಅವಳಿಗೆ ಅವಳ ಪಾಲು. ಚಿಪ್ಸ್ ಇಟ್ಟು ಸುಮ್ಮನೆ ಕೂತಳು.

ಮಿಕ್ಕ ಎರಡು ಎಲೆ ಬಿದ್ದವು. ಒಂದೂ ಆಟೀನಲ್ಲ. ಅವಳ ಹತ್ತಿರ ಚಿಕ್ಕದೊಂದು ಜೋಡಿ ಇತ್ತು, ಅವನ ಹತ್ತಿರ ಅದೂ ಇರಲಿಲ್ಲ. ಎರಡು ಪಾಲೂ ಅವಳಿಗೇ ಬಂತು, ಅವನು ಆಟದಿಂದ ಹೊರಬಿದ್ದ.

ಅವನು ಎದ್ದು ನಿಂತ. "ಎಲ್ಲರೆದುರು ನನ್ನ ಮರ್ಯಾದೆ ತೆಗೆದೆಯಲ್ಲೇ!" ಅಂದ.

"ನಿಮ್ಮ ಪಾಲನ್ನ ನಾನು ಕೇಳಲೇ ಇಲ್ಲವಲ್ಲಾ ರೀ," ಅಂದಳು ಅವಳು. "ನನ್ನ ಪಾಲಿಗೆ ಕೂತಿದ್ದೆ, ಅಷ್ಟೇ."

ಅಲ್ಲಿಗೆ ಬಿಡಬಹುದಿತ್ತು. ನಕ್ಕು, ಹೊರಗೆ ಹೋಗಿ, ಅವಳಿಗಾಗಿ ಒಂದು ಮೊಳ ಹೂವು ಕೊಂಡು ಕಾಯಬಹುದಿತ್ತು. ಅವನು ಮತ್ತೆ ತಳ್ಳಿದ. "ಈಗಲೇ ಎದ್ದು ಬಾ. ಬರದಿದ್ದರೆ ಇನ್ನು ಮನೆ ಕಡೆ ತಲೆ ಹಾಕಬೇಡ" ಅಂದ.

ಅದೂ ಕೂಡಿಬರದ ಕೈಯೇ ಕಣೋ. ಅವಳಿಲ್ಲದ ಮನೆ ಅವನಿಗೆ ಬೇಕಾಗಿಯೇ ಇರಲಿಲ್ಲ. ಎಲ್ಲರ ಹಾಗೆ ಅವಳೂ ಹೆದರಿ ಆಟ ಬಿಟ್ಟು ಬರುತ್ತಾಳೆ ಅಂದುಕೊಂಡ. ಅವಳು ಅವನ ಮುಖವನ್ನೇ ನೋಡಿದಳು, ನಗುತ್ತಾನೇನೋ ಅಂತ. ಮೇಜಿನ ಮುಂದೆ ಮುಖದಲ್ಲಿ ಏನೂ ತೋರಿಸದೆ ಇರುವುದು ಅವನ ವಿದ್ಯೆ. ಆವತ್ತೂ ತೋರಿಸಲಿಲ್ಲ. ಹೊರಗೆ ಹೋಗಿ ಬೀಡಾ ಅಂಗಡಿಯ ಹತ್ತಿರ ಬಹಳ ಹೊತ್ತು ನಿಂತ. ಆಮೇಲೆ ಒಬ್ಬನೇ ಮನೆಗೆ ಹೋದ.

ಅವಳು ಆ ಟೂರ್ನಮೆಂಟು ಗೆದ್ದಳೋ ಸೋತಳೋ ನನಗೆ ಗೊತ್ತಿಲ್ಲ. ಅಲ್ಲಿಂದ ನೇರ ಅಕ್ಕನ ಊರಿಗೆ ಹೋದಳು. ಮನೆಗೆ ಬರಬೇಡ ಅಂದ ಮೇಲೆ ಇನ್ನೆಲ್ಲಿಗೆ ಹೋಗುತ್ತಾಳೆ?

ಅವನು ಕಾದ. ಇವತ್ತು ಬರುತ್ತಾಳೆ, ನಾಳೆ ಬರುತ್ತಾಳೆ ಅಂತ ಬಾಗಿಲ ಚಿಲಕ ಹಾಕದೆ ಮಲಗುತ್ತಿದ್ದ. ಮೊದಲು ಮಾತಾಡಿದವರು ಸೋತ ಹಾಗೆ ಅಂತ ಹಟ ಬೇರೆ. ಎಷ್ಟೋ ಸಲ ಬಸ್ ಸ್ಟ್ಯಾಂಡಿಗೆ ಹೋಗಿ, ಆ ಊರಿನ ಬಸ್ಸು ಹತ್ತದೆ ವಾಪಸು ಬಂದ. ಕ್ಲಬ್ಬಿನಲ್ಲಿ ಮಾತ್ರ ಗೆಲ್ಲುತ್ತಲೇ ಇದ್ದ. ತಳ್ಳುತ್ತಿದ್ದ, ಜನ ಬಿಟ್ಟು ಏಳುತ್ತಿದ್ದರು. ಮನೆಗೆ ಬಂದರೆ ಅವರೆಕಾಯಿ ಬಿಡಿಸುವುದಕ್ಕೂ ಮನಸ್ಸು ಬಾರದು, ಯಾರಿಗೆ ಅಂತ ಬಿಡಿಸುವುದು? ವರ್ಷಗಳು ಹೀಗೇ ಹೋದವು. ಅಯ್ಯೋ, ಎಂಥ ವರ್ಷಗಳು!

ಒಂದು ದಿನ ಆ ವ್ಯಾಪಾರಿಯೇ ಸಿಕ್ಕು ಹೇಳಿದ. "ನಿಮ್ಮ ಮನೆಯವರಿಗೆ ಹುಷಾರಿಲ್ಲವಂತೆ, ಗೊತ್ತೇ?" ಅವನು ಉಟ್ಟ ಬಟ್ಟೆಯಲ್ಲೇ ಬಸ್ಸು ಹತ್ತಿದ.

ಬಾಗಿಲು ತೆಗೆದವಳು ಅವಳ ಅಕ್ಕ. ಒಳಗೆ ಹನ್ನೊಂದನೆಯ ದಿನದ ಕರ್ಮ ಮುಗಿದು ಜನ ಏಳುತ್ತಿದ್ದರು.

ಅವನು ಹೊಸ್ತಿಲ ಮೇಲೇ ಕುಸಿದ. "ಅಕ್ಕಾ, ಅವತ್ತು ಅಂದದ್ದು ಬರೀ ಹೆದರಿಸುವುದಕ್ಕೆ ಅಂದ ಮಾತು" ಅಂದ.

"ಅವಳು ಹೆದರಲಿಲ್ಲ ಭಾವ, ನಂಬಿದಳು" ಅಂದಳು ಅಕ್ಕ. "ನಿಮ್ಮ ಊರಿನಿಂದ ಯಾರೇ ಬರಲಿ, 'ನನ್ನ ಬಾ ಅಂದರಾ?' ಅಂತ ಒಂದೇ ಮಾತು ಕೇಳುತ್ತಿದ್ದಳು. ಯಾರೂ ಹೂಂ ಅನ್ನಲಿಲ್ಲ."

ಅವನು ಬಾಯಿ ತೆರೆದು "ಬಾ" ಅಂದ. ಜನ ಅವನನ್ನು ಹಿಡಿದೆತ್ತಿ ಒಳಗೆ ಕೂರಿಸಿದರು.

ಮೇಷ್ಟ್ರು ಕಥೆ ನಿಲ್ಲಿಸಿದರು. ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿಕೊಂಡರು. ಚೆಲುವರಾಜು ತನ್ನ ಲೋಟವನ್ನು ಮುಟ್ಟಿರಲಿಲ್ಲ.

"ಹಾಗಾದರೆ ಅಂಥ ಕೈಯನ್ನು ತಳ್ಳಲೇಬಾರದೇ ಮೇಷ್ಟ್ರೇ?" ಎಂದು ಮೆಲ್ಲಗೆ ಕೇಳಿದ.

"ತಳ್ಳು. ಯಾರು ಬೇಡ ಅಂದರು? ಹೆದರಿ ಬಿಡುವವರು ಎದುರಿಗಿದ್ದರೆ ಧಾರಾಳವಾಗಿ ತಳ್ಳು. ಚಿಕ್ಕ ಕೈ ಕೂಡಿದವನು ಎದುರಿಗಿದ್ದರೆ ಯೋಚನೆ ಮಾಡು, ಅವನು ಕೂತಿರುವುದು ತನ್ನ ಪಾಲಿಗೆ, ನಿನ್ನದಕ್ಕಲ್ಲ. ನಿನ್ನೆ ಸಿದ್ದರಾಜು ಯಾವ ಕೈ ಹಿಡಿದಿದ್ದ?"

"ಚಿಕ್ಕ ಕೈ," ಎಂದ ಚೆಲುವರಾಜು.

ಮೇಷ್ಟ್ರು ಆರಿಹೋಗಿದ್ದ ಮೂರನೆಯ ಲೋಟವನ್ನು ಕೈಗೆ ತಗೊಂಡು ಒಳಗೆ ಹೊರಟರು. ಬಾಗಿಲಲ್ಲಿ ತಿರುಗಿ ನಿಂತರು.

"ಇದನ್ನು ಬಿಸಿ ಮಾಡಿ ತರುತ್ತೇನೆ, ಅವನನ್ನು ಬಾ ಅಂದೆಯಾ?"