ಅಯ್ಯಣಾಚಾರಿಯ ಗೆಜ್ಜೆ ಉಂಗುರ

ಹೊಲಗಳಲ್ಲಿ ತಂತಿ ಕಂಬಗಳು ಹೊಸದಾಗಿ ನಿಂತ ಕಾಲವಂತೆ ಅದು. ಯಾವ ಸಂವತ್ಸರವೋ, ಹೇಳಿದವರಿಗೂ ಗೊತ್ತಿಲ್ಲ, ಕೇಳಿದವರಿಗೂ ಗೊತ್ತಿಲ್ಲ. ಹೊಳೆದಂಡೆಯ ಒಂದು ಊರಿನಲ್ಲಿ ಅಯ್ಯಣಾಚಾರಿ ಎಂಬ ಕಂಚುಗಾರ ಗಂಟೆ ಎರೆಯುತ್ತಿದ್ದನಂತೆ. ಎರೆದ ಗಂಟೆಯನ್ನು ಬಾರಿಸುವುದೇ ಬೇಡ, ಅಂಗೈಯಲ್ಲಿ ಹಿಡಿದು ಒಳಗೆ ಬಿರುಕಿದೆಯೋ ಇಲ್ಲವೋ ಹೇಳುತ್ತಿದ್ದನಂತೆ.

ಕಂಬ ಬಂದ ಮೇಲೆ ಅವನಿಗೆ ಹೊಸ ಹುಚ್ಚು ಹಿಡಿಯಿತು. ಸಂಜೆಯಾದರೆ ಕಂಬಕ್ಕೆ ಕಿವಿ ಹಚ್ಚಿ ನಿಲ್ಲುವುದು, ಸಂತೆಗೆ ಹೋದರೆ ತಂತಿ ಕಚೇರಿಯ ಜಗಲಿಯಲ್ಲಿ ಕೂತು ಒಳಗಿನ ಟಕಟಕ ಸದ್ದು ಕೇಳುವುದು. ತಂತಿ ಮಾಸ್ತರನೇ ಒಂದು ದಿನ ಕರೆದು ಗುಟ್ಟು ಹೇಳಿಕೊಟ್ಟನಂತೆ: ಒಂದು ಗಿಡ್ಡ ಸದ್ದು, ಒಂದು ಉದ್ದ ಸದ್ದು, ಇವೆರಡನ್ನೇ ಹಿಂದುಮುಂದು ಕೂಡಿಸಿದರೆ ಅಕ್ಷರ. ಅದು ಇಂಗ್ಲಿಷರ ಅಕ್ಷರ. ಅಯ್ಯಣಾಚಾರಿ ಮನೆಗೆ ಬಂದು ಅದನ್ನು ನಮ್ಮ ಅ ಆ ಇ ಈ ಅಕ್ಷರಗಳಿಗೆ ಹೊಂದಿಸಿಕೊಂಡ. ಆಚಾರಿಯ ಹೆಂಡತಿ ಮಾತು ಬಿಟ್ಟಿರಬೇಕು, ಅದಕ್ಕೇ ಕಂಬದ ಜೊತೆ ಹರಟುತ್ತಾನೆ ಎಂದು ಊರು ನಕ್ಕಿತು.

ಆ ಊರಲ್ಲಿ ಹೊನ್ನವ್ವ, ಸಂಗವ್ವ ಎಂದು ಅಕ್ಕತಂಗಿಯರಿದ್ದರು. ಹೊನ್ನವ್ವ ಐಗಳ ಮಠದಲ್ಲಿ ಓದು ಕಲಿತವಳು. ಶ್ರಾವಣದಲ್ಲಿ ಆಕೆ ಪುರಾಣ ಓದಿದರೆ ಬಾವಿಕಟ್ಟೆಯ ತನಕ ಕೇಳುತ್ತಿತ್ತಂತೆ. ಒಂದು ದಿನ ಓದುತ್ತ ಓದುತ್ತ ದನಿ ನಿಂತಿತು. ಲಕ್ವ ಹೊಡೆದಿತ್ತು. ಕೈಕಾಲು ಬಿದ್ದವು, ನಾಲಿಗೆ ಬಿತ್ತು. ಕಣ್ಣು ಮಾತ್ರ ತೆರೆದೇ ಇದ್ದವು.

ಅಕ್ಕ ಉಳಿಯುತ್ತಾಳೋ ಇಲ್ಲವೋ ಎಂದು ಊರಮ್ಮನ ಹತ್ತಿರ ಹೂ ಕೇಳಬೇಕು ಎನಿಸಿತು ಸಂಗವ್ವನಿಗೆ. ದೇವರ ಮೈಗೆ ಒದ್ದೆ ಹೂ ಹಚ್ಚಿ ಕಾಯುವುದು, ಬಲಕ್ಕೆ ಬಿದ್ದರೆ ಆಗುತ್ತದೆ, ಎಡಕ್ಕೆ ಬಿದ್ದರೆ ಇಲ್ಲ. ಅಕ್ಕನನ್ನು ಬಿಟ್ಟು ಗುಡಿಗೆ ಹೋಗಲಾರದೆ, ಗೋಡೆಗೆ ಒರಗಿಸಿದ್ದ ಅಕ್ಕನ ಮೈಗೇ ಹೂ ಹಚ್ಚಿ ಕೈಮುಗಿದಳು. ಹೂ ಬಲಕ್ಕೆ ಬಿತ್ತು. ಪಕ್ಕದ ಮನೆಯಾಕೆ ಅದನ್ನು ನೋಡಿದಳು. ಮರುದಿನ ಆಕೆಯೂ ಒಂದು ಹೂ ತಂದಳು. ಅದೂ ಬಲಕ್ಕೇ ಬಿತ್ತು.

ಅಲ್ಲಿಗೆ ಹೊನ್ನವ್ವ ಹೋದಳು, ಅಮ್ಮ ಬಂದಳು.

ಜನ ಸಾಲುಗಟ್ಟಿದರು. ಒಬ್ಬೊಬ್ಬರೂ ಆಕೆಯ ಕಿವಿಯಲ್ಲಿ ಪಿಸುಗುಟ್ಟಿದರು. ಬಸಿರು ಬೇಡಿದರು, ದಾಯಾದಿಯ ಸಾವು ಬೇಡಿದರು, ಯಾರಿಗೂ ಹೇಳದ ಪಾಪ ಹೇಳಿಕೊಂಡರು. ಹಣೆಗೆ ಭಂಡಾರದ ಅರಿಶಿನ, ಕೊರಳಿಗೆ ನಿಂಬೆಹಣ್ಣಿನ ಸರ. ಮನುಷ್ಯರ ಗಂಜಿ ಅಮ್ಮನಿಗೆ ಮೈಲಿಗೆ ಎಂದ ಪೂಜಾರಿ, ಹೊತ್ತಿಗೊಂದು ಉದ್ಧರಣೆ ಹಾಲು-ತೀರ್ಥ ಮಾತ್ರ ಬಾಯಿಗೆ ಬಿಡಿಸಿದ. ಸಂಗವ್ವ ಕೈಮುಗಿದು ಒಪ್ಪಿದಳು. ಆದರೆ ತಲೆ ಬಾಚುವಾಗ ಆ ಕಣ್ಣು ನೋಡಿದರೆ ಮುಚ್ಚಿದ ಕದದ ಸಂದಿಯಿಂದ ಯಾರೋ ನೋಡಿದ ಹಾಗಾಗಿ ಅವಳು ಬಾಚಣಿಗೆ ಕೆಳಗಿಡುತ್ತಿದ್ದಳು.

ಒಮ್ಮೆ ಅಯ್ಯಣಾಚಾರಿಯೂ ಬಂದ. ಹೂ ಬೀಳುವ ಮುಂಚೆ ಅಮ್ಮನ ಬಲಗೈಯ ಉಂಗುರದ ಬೆರಳು ಮಿಡಿಯುವುದನ್ನು ನೋಡಿದ. ಮತ್ತೆ ನೋಡಿದ. ಬೆರಳಿನ ಆ ನಡುಕ ತೋಳಿಗೇರಿ, ತೋಳಿನಿಂದಲೇ ಹೂ ಉದುರುತ್ತಿತ್ತು. ನೆಟ್ಟಗೆ ಮನೆಗೆ ಹೋಗಿ ಹುಣಸೆ ಬೀಜದಷ್ಟು ಗೆಜ್ಜೆ ಕೂಡಿಸಿದ ಒಂದು ಕಂಚಿನುಂಗುರ ಎರೆದ. ನೊಣ ಕೂತರೂ ದನಿ ಮಾಡುತ್ತಿತ್ತಂತೆ ಅದು. ಅಮ್ಮನಿಗೆ ಹರಕೆ ಎಂದು ತೊಡಿಸಿದ. ಬೇಡ ಎನ್ನುವವರು ಯಾರು? ದಿನಾ ಭಜನೆಯ ಹೊತ್ತಿಗೆ ಪಕ್ಕದಲ್ಲಿ ಕೂತು ತಂತಿಯ ಗಿಡ್ಡ-ಉದ್ದದ ಲೆಕ್ಕದಲ್ಲಿ ತೊಡೆ ತಟ್ಟುತ್ತ ಒಂದೊಂದೇ ಅಕ್ಷರ ಹೇಳುತ್ತಿದ್ದ. ಆಚಾರಿ ಜಪ ಹಿಡಿದಿದ್ದಾನೆ ಎಂದುಕೊಂಡರು ಜನ. ಬರಬರುತ್ತ ಯಾರೂ ಇಲ್ಲದ ಹೊತ್ತಿನಲ್ಲೂ ಆ ಕೋಣೆಯಿಂದ ಟಿಣ್, ಝುಣ್ಣ್ ಎಂದು ಕೇಳತೊಡಗಿತು. ಸಂಗವ್ವ ಒಲೆಯ ಮುಂದೆ ಕೂತಲ್ಲೇ ಕಲ್ಲಾಗುತ್ತಿದ್ದಳಂತೆ.

ಅಷ್ಟರಲ್ಲಿ ಊರು ಈ ಅಮ್ಮನಿಗೆಂದೇ ಹೊಸ ಗುಡಿ ಕಟ್ಟಿತು. ಕಲ್ಲಿನ ಗರ್ಭಗುಡಿ, ಕಿಟಕಿಯಿಲ್ಲ. ಅಮ್ಮನನ್ನು ಒಳಗೆ ಕೂಡಿಸಿ ಮಂಡಲದ ನಲವತ್ತೆಂಟು ದಿನ ಮುಗಿಯುವ ತನಕ ಬಾಗಿಲು ತೆಗೆಯಬಾರದು. ಆಗಲಿಯೇ ತಾಯಿ ಎಂದು ಹೂ ಕೇಳಿದರು. ಹೂ ಬಲಕ್ಕೇ ಬಿತ್ತು.

ಹೊತ್ತು ಏರುವ ಮೊದಲೇ ಪಲ್ಲಕ್ಕಿಯಲ್ಲಿ ಕರೆತಂದು ಪೀಠದ ಮೇಲೆ ಕೂಡಿಸಿದರು. ಕದಕ್ಕೆ ಕೈಹಾಕಿದಾಗ ಅಯ್ಯಣಾಚಾರಿ ಹೊಸ್ತಿಲ ಮೇಲೆ ನಿಂತ.

"ಒಂದ್ಸಲ ಕೇಳೂಣು, ಗೌಡ್ರ. ಹೂವಿನಿಂದ ಬ್ಯಾಡ. ಹೆಸರು ಹಿಡಿದು ಕರೀಲಿ ಸಂಗವ್ವ."

ಗೌಡ ತಲೆಯಾಡಿಸಿದ. ಸಂಗವ್ವ ಒಳಗೆ ಹೋಗಿ ಅಕ್ಕನ ತಣ್ಣನೆಯ ಕೈ ಹಿಡಿದಳು.

"ಅಕ್ಕಾ, ಒಳಗ ನೀನ ಇದ್ದೀ ಏನು?"

ಉಂಗುರ ನುಡಿಯಿತು. ನಿಂತು ನಿಂತು ನುಡಿಯಿತು. ಅಯ್ಯಣಾಚಾರಿ ಒಂದೊಂದೇ ಅಕ್ಷರ ಹೆಕ್ಕಿ ಹೇಳಿದ: ಸಂಗೀ, ನೀರು.

ಪೂಜಾರಿ ನಕ್ಕುಬಿಟ್ಟ. ಗೆಜ್ಜೆಯೂ ಆಚಾರಿಯದು, ಅರ್ಥವೂ ಆಚಾರಿಯದು, ಇನ್ನು ಅಮ್ಮನದೇನು ಉಳಿಯಿತು ಎಂದ. ಸಂಗವ್ವ ಅವನ ಕಡೆ ನೋಡಲಿಲ್ಲ.

"ನನ್ನ ಮೊದಲನೇ ಹಲ್ಲು ಬಿದ್ದಾಗ ಎಲ್ಲಿ ಹಾಕಿದ್ವಿ, ಹೇಳಕ್ಕಾ."

ಬಿದ್ದ ಹಲ್ಲನ್ನು ಸಗಣಿಯಲ್ಲಿಟ್ಟು ಮಾಳಿಗೆಗೆ ಎಸೆಯುವುದು ಊರಿಗೆಲ್ಲ ಗೊತ್ತಿದ್ದ ಮಾತು. ಉಂಗುರ ನುಡಿಯಿತು. ಅಯ್ಯಣಾಚಾರಿ ಹುಬ್ಬು ಗಂಟಿಕ್ಕಿದ. "ಬಾವಿ ಅಂತೈತಿ. ನಾನ ತಪ್ಪು ಕೇಳಿದೆನೇನೋ," ಎಂದ.

 ಎಸೆಯಲು ಹೋಗಿ ಆ ಹಲ್ಲು ಕೈಜಾರಿ ಬಾವಿಗೆ ಬಿದ್ದದ್ದನ್ನು ಅಕ್ಕತಂಗಿಯರು ಯಾರಿಗೂ ಹೇಳಿರಲಿಲ್ಲ. ಸಂಗವ್ವ ಅಭಿಷೇಕದ ಕೊಡವನ್ನೇ ಎಳೆದುಕೊಂಡು, ಬೊಗಸೆಯಿಂದ ಅಕ್ಕನ ಬಾಯಿಗೆ ಹನಿಹನಿಯಾಗಿ ನೀರು ಬಿಟ್ಟಳು. ಅಕ್ಕ ನುಂಗಿದಳು. ಆ ನುಂಗಿದ ಸದ್ದು ಹೊರಗೆ ನಿಂತವರಿಗೆಲ್ಲ ಕೇಳಿತಂತೆ.

ಆಗ ಜನಕ್ಕೆ ಇನ್ನೊಂದು ಹೊಳೆಯಿತು. ಕಿವಿಯಲ್ಲಿ ಹೇಳಿದ್ದನ್ನೆಲ್ಲ ಈಕೆ ಕೇಳಿಸಿಕೊಂಡಿದ್ದಾಳೆ. ಈಗ ಈಕೆಗೆ ಬಾಯಿ ಬಂದಿದೆ. ಒಬ್ಬೊಬ್ಬರೇ ಹಿಂದೆ ಸರಿದರು. ಉಂಗುರ ಬಿಚ್ಚಿಸಿ ಎಂದು ಪೂಜಾರಿಯೇ ಮೊದಲು ಕೂಗಿದನಂತೆ. ಸಂಗವ್ವ ಬಿಚ್ಚಲು ಬಿಡಲಿಲ್ಲ.

ಹೊನ್ನವ್ವ ಮನೆಗೆ ಮರಳಿ ಬಹಳ ಕಾಲ ಬದುಕಿದಳು. ಉಂಗುರದಲ್ಲೇ ಗಂಜಿ ಬೇಕೆಂದಳು, ಮಗ್ಗುಲು ಹೊರಳಿಸೆಂದಳು, ನಿಂತುಹೋದ ಪುಟದಿಂದ ಪುರಾಣ ಮುಂದುವರಿಸಿದಳು. ಯಾರ ಗುಟ್ಟನ್ನೂ ಹೇಳಲಿಲ್ಲ. ಆದರೂ ಆ ಮನೆಯ ಮುಂದೆ ಟಿಣ್ ಎಂದು ಕೇಳಿದರೆ ದೊಡ್ಡ ದೊಡ್ಡವರೂ ಹೆಜ್ಜೆ ನಿಲ್ಲಿಸಿ, ಮುಗಿಯುವ ತನಕ ಕೇಳಿ, ಆಮೇಲೆ ಉಸಿರು ಬಿಡುತ್ತಿದ್ದರಂತೆ. ಊರಮ್ಮನದೇನೂ ತಪ್ಪಿಲ್ಲ, ಆಕೆ ತನ್ನ ಗುಡಿಯಲ್ಲೇ ಇದ್ದಳು.

ಅಯ್ಯಣಾಚಾರಿ ಕಂಬಕ್ಕೆ ಕಿವಿ ಹಚ್ಚಿದವನು ಹಾಗೆಯೇ ಜೀವ ಬಿಟ್ಟನೆಂದು ಹೇಳುತ್ತಾರೆ. ಕೊನೆಗೆ ಏನು ಕೇಳಿಸಿತೋ, ಶಿವನೇ ಬಲ್ಲ.

ಇಂದಿಗೂ ಆ ಊರಲ್ಲಿ ಯಾರೂ ಹೂ ಕೇಳುವುದಿಲ್ಲ. ಹಾಸಿಗೆ ಹಿಡಿದವರ ಕೋಣೆಯಲ್ಲಿ ಪಿಸುಗುಟ್ಟುವುದಿಲ್ಲ. ಯಾರಾದರೂ ತೀರಿಕೊಂಡರೆ, ಎತ್ತುವ ಮೊದಲು ಹತ್ತಿರದವರೊಬ್ಬರು ಉಂಗುರದ ಬೆರಳು ಹಿಡಿದು, ಹೇಳುವುದಿದ್ದರೆ ಹೇಳು ಎಂದು ಅಯ್ಯಣಾಚಾರಿಯ ಹೆಸರೆತ್ತಿ ಸುಮ್ಮನೆ ಕೂರುತ್ತಾರೆ. ಹೆಚ್ಚಾಗಿ ಬೆರಳು ಮಿಡಿಯುವುದಿಲ್ಲ. ಒಮ್ಮೊಮ್ಮೆ ಮಾತ್ರ ಹಿಡಿದವರು ಕೈ ಬಿಡುವುದೇ ಇಲ್ಲ. ಹೆಗಲು ಕೊಡುವವರು ಚಟ್ಟದ ಪಕ್ಕದಲ್ಲಿ ನಿಂತೇ ಇರುತ್ತಾರೆ.