ಹೆಂಗೂ ಹೋಗೋ ಗಾಡಿ

"ಹೆಂಗೂ ಹೋಗೋ ಗಾಡಿ ಕಣವ್ವ! ನಾನೊಬ್ಬ ಕೂತ್ಕಂಡ್ರೆ ನಿಂಗೇನು ಗಂಟು ಹೋಯ್ತದೆ?"

ಟೀ ಅಂಗಡಿಯ ಮುಂದೆ ನಿಂತು ಬೋರಲಿಂಗಯ್ಯ ಊರಿಗೆಲ್ಲ ಕೇಳುವಂತೆ ಹೀಗೆಂದಾಗ ಇಂದ್ರಾಣಿಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಅವಳು ಕೇಳಿದ್ದು ಪೆಟ್ರೋಲಿಗೆ ಒಂದಿಷ್ಟು ಪಾಲು, ಅಷ್ಟೇ. ಅದನ್ನೂ ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದ್ದಳು.

ಬೋರಲಿಂಗಯ್ಯ ಎಂದರೆ ಹೊಸಕೊಪ್ಪಲಿನಿಂದ ಮೈಸೂರಿಗೆ ಓಡುವ ಒಂದೇ ಒಂದು ಖಾಸಗಿ ಬಸ್ಸಿನ ಮಾಲೀಕ. ಸ್ವಂತ ಬಸ್ಸಿದ್ದವನು ಕಂಡವರ ಕಾರು ಹತ್ತುವುದೇಕೆ ಎನ್ನುತ್ತೀರಾ? ಬಸ್ಸಿನಲ್ಲಿ ತಾನೊಂದು ಸೀಟು ಹಿಡಿದರೆ ಒಂದು ಟಿಕೆಟ್ ಖೋತಾ ಆಗುತ್ತದಲ್ಲ! ಬರೋಬ್ಬರಿ ಮೂವತ್ತೈದು ರೂಪಾಯಿ!

ಇಂದ್ರಾಣಿ ಮೈಸೂರಿನಲ್ಲಿ ಬಿ.ಎಡ್. ಓದುತ್ತಿದ್ದಳು. ಅವಳ ಮೊದಲ ಕ್ಲಾಸು ಒಂಬತ್ತಕ್ಕೆ. ಬಸ್ಸು ಊರು ಬಿಡುವುದೂ ಒಂಬತ್ತಕ್ಕೆ. ಹಾಗಾಗಿ ಸೋದರಮಾವ ಬಿಟ್ಟುಹೋದ ಹಳೇ ಮಾರುತಿಯೇ ಗತಿ. ಬಟ್ಟೆ ಹೊಲಿಯುವ ಅಮ್ಮ ಒಂದನೇ ತಾರೀಕು ಆರು ಸಾವಿರ ಕೈಗಿಟ್ಟು, "ಇಷ್ಟರಲ್ಲೇ ತಿಂಗಳು ದಾಟಿಸು ಮಗಾ. ಇದಕ್ಕಿಂತ ಹೆಚ್ಚಾದ್ರೆ ಓದು ನಿಲ್ಲಿಸೋದೇ ಸೈ" ಅನ್ನುತ್ತಿದ್ದಳು. ಇಂದ್ರಾಣಿ ಪುಸ್ತಕದ ಕೊನೇ ಹಾಳೆಯಲ್ಲಿ ಲೀಟರ್ ಲೀಟರಿಗೂ ಲೆಕ್ಕ ಬರೆದಿಟ್ಟಿದ್ದಳು. ಆ ಲೆಕ್ಕದಲ್ಲಿ ಇಲ್ಲದ್ದು ಬೋರಲಿಂಗಯ್ಯ ಮಾತ್ರ.

ಅವನನ್ನು ಮನೆ ಬಾಗಿಲಿನಿಂದಲೇ ಹತ್ತಿಸಿಕೊಳ್ಳಬೇಕು. ಊರಾಚೆಯ ಗ್ಯಾರೇಜಿಗೆ ಸುತ್ತಿ ಹೋಗಬೇಕು. ಹಿಂದಿನ ಸೀಟಿನ ತುಂಬ ಅವನ ಬಸ್ಸಿನ ಆಯಿಲ್ ಡಬ್ಬಗಳು. ಪೆಟ್ರೋಲಿಗೆ ಪಾಲು ಕೊಡುತ್ತೇವೆಂದು ದಾರಿಯಲ್ಲಿ ಕಾಯುತ್ತಿದ್ದ ಇಬ್ಬರು ಗೆಳತಿಯರಿಗೆ ಕೂರಲು ಜಾಗವೇ ಇಲ್ಲ. ತಿಂಗಳ ಇಪ್ಪತ್ತೆರಡಕ್ಕೇ ಕಾರಿನ ಪೆಟ್ರೋಲ್ ಮುಳ್ಳು ಮಲಗಿಬಿಟ್ಟಿತ್ತು.

ಟೀ ಅಂಗಡಿಯಲ್ಲಿ ಬೋರಲಿಂಗಯ್ಯ ಇನ್ನೂ ನಿಲ್ಲಿಸಿರಲಿಲ್ಲ. "ಹೆಂಗೂ ಹೋಗೋ ಗಾಡೀಲಿ ಖಾಲಿ ಸೀಟಿಗೆ ಕಾಸು ಕೇಳೋನು ಮನುಷ್ಯನೇ ಅಲ್ಲ! ಏನ್ರಪ್ಪಾ?"

ಟೀ ಕುಡಿಯುತ್ತಿದ್ದವರೆಲ್ಲ ತಲೆಯಾಡಿಸಿದರು. ಇಂದ್ರಾಣಿ ಸಿಟ್ಟು ನುಂಗಿಕೊಂಡು ನಕ್ಕಳು.

"ನ್ಯಾಯವಾದ ಮಾತು, ಮಾವ. ನೀವೆಲ್ಲ ಕೇಳಿಸ್ಕೊಂಡ್ರಲ್ಲ?" ಎಂದು ಹೊರಟುಹೋದಳು. ಪಾಪದ ಹುಡುಗಿ, ಸೋತುಬಿಟ್ಟಳು ಎಂದುಕೊಂಡರು ಜನ.

ಮರುದಿನ ಕಾರು ಕದಲಲಿಲ್ಲ. ಏಳೂವರೆಯಿಂದ ಬಾಗಿಲಲ್ಲಿ ಕಾದು ಕಾದು ಸಾಕಾಗಿ, ಬೋರಲಿಂಗಯ್ಯ ಒಂಬತ್ತಕ್ಕೆ ತನ್ನ ಬಸ್ಸನ್ನೇ ಹತ್ತಿ ಡ್ರೈವರ್ ಹಿಂದಿನ ಸೀಟಿನಲ್ಲಿ ಮುಖ ಗಂಟಿಕ್ಕಿಕೊಂಡು ಕೂತ. ಇಂದ್ರಾಣಿ ಬಂದು ಅವನ ಪಕ್ಕದಲ್ಲೇ ಕೂತಳು.

ಕಂಡಕ್ಟರ್ ಮರಿಸ್ವಾಮಿ ಟಿಕೆಟ್ ಕೇಳಿದ.

"ಯಾಕಣ್ಣ? ಸೀಟು ಖಾಲಿ ಇತ್ತು, ಕೂತೆ. ಹೆಂಗೂ ಹೋಗೋ ಗಾಡಿ ತಾನೆ?"

ಮರಿಸ್ವಾಮಿ ಮಾಲೀಕನ ಮುಖ ನೋಡಿದ. ನಿನ್ನೆ ಟೀ ಅಂಗಡಿಯಲ್ಲಿದ್ದವರು ಜೇಬಿಗೆ ಹಾಕಿದ್ದ ಕೈಯನ್ನು ಬರಿದೇ ಹೊರಗೆ ತೆಗೆದರು. ಆಗಲೇ ಟಿಕೆಟ್ ಕೊಂಡಿದ್ದ ಅಜ್ಜಿಯೊಬ್ಬಳು, "ಲೋ ಮರಿಸ್ವಾಮಿ, ನನ್ ಮೂವತ್ತೈದು ವಾಪಸ್ ಕೊಡ್ಲಾ! ಕಾಸು ಕೇಳೋನು ಮನುಷ್ಯನೇ ಅಲ್ವಂತೆ" ಅಂದಳು.

ಬೋರಲಿಂಗಯ್ಯ ಎದ್ದು ನಿಂತು ಕೂಗಾಡಿದ. "ಗಾಡಿ ಏನು ಗಾಳಿ ಕುಡ್ಕಂಡು ಓಡ್ತದಾ? ಡೀಸೆಲ್ ಯಾರು ಹಾಕ್ತಾರೆ? ಟೈರು ಸವೀತದೆ! ಇನ್ಶೂರೆನ್ಸು ಕಟ್ಬೇಕು! ಗ್ಯಾರೇಜಿನೋನು ಚರ್ಮ ಸುಲೀತಾನೆ! ಕೂತೋರೆಲ್ಲ ಸೇರಿ ಖರ್ಚು ಹೊರ್ಬೇಕು ಕಣ್ರಪ್ಪಾ! ಒಬ್ಬನೇ ಹೊತ್ರೆ ಮನೆ ಹಾಳಾಗ್ತದೆ!"

ಇಂದ್ರಾಣಿ ಪುಸ್ತಕ ತೆರೆದು ಸರಸರನೆ ಬರೆದುಕೊಳ್ಳುತ್ತಿದ್ದಳು.

"ಏನವ್ವ ಅದು ಬರೀತಿರೋದು?"

"ನಿಮ್ಮ ಬಿಲ್ಲು, ಮಾವ. ಪೆಟ್ರೋಲ್ ಒಂದನ್ನೇ ಬರ್ದಿದ್ದೆ. ಟೈರು, ಇನ್ಶೂರೆನ್ಸು, ಗ್ಯಾರೇಜು ನೆನಪೇ ಇರ್ಲಿಲ್ಲ. ಒಳ್ಳೇದಾಯ್ತು, ನೀವೇ ಹೇಳಿದ್ರಿ."

ಬಸ್ಸು ಗೊಳ್ಳೆಂದು ನಕ್ಕಿತು. ಇಂದ್ರಾಣಿ ಮರಿಸ್ವಾಮಿಗೆ ಮೂವತ್ತೈದು ರೂಪಾಯಿ ಎಣಿಸಿ ಕೊಟ್ಟಳು. ಅವಳನ್ನು ನೋಡಿ ಉಳಿದವರೂ ಕೊಟ್ಟರು. ಬೋರಲಿಂಗಯ್ಯನ ಮುಖ ಇಂಗು ತಿಂದ ಮಂಗನಂತಾಗಿತ್ತು.

"ನಿನ್ನ ಕಾರಿನ ಸಾವಾಸವೇ ಬ್ಯಾಡ. ಇನ್ಮೇಕೆ ನನ್ನ ಬಸ್ಸಲ್ಲೇ ಓಡಾಡ್ತೀನಿ" ಎಂದು ಗೊಣಗಿದ.

ಅಷ್ಟರಲ್ಲಿ ಮುಂದಿನ ಸ್ಟಾಪು ಬಂತು. ಬಸ್ಸು ಆಗಲೇ ತುಂಬಿತ್ತು. ಕೈಯಲ್ಲಿ ಚೀಲ ಹಿಡಿದ ಹೆಂಗಸೊಬ್ಬಳು ಒಳಗೆ ಇಣುಕಿ, "ಸೀಟಿಲ್ವಾ? ನಿಂತ್ಕಂಡು ಬರಕ್ಕಾಗಲ್ಲಪ್ಪ" ಎಂದು ಹಿಂದೆ ಬಂದ ಆಟೊ ಹತ್ತಿದಳು. ಬೋರಲಿಂಗಯ್ಯ ಕಿಟಕಿಯಿಂದ ತಲೆ ಹೊರಗೆ ಹಾಕಿ, ಆಟೊ ಕಣ್ಮರೆಯಾಗುವ ತನಕ ನೋಡಿದ. "ಅಯ್ಯೋ, ನನ್ ಮೂವತ್ತೈದು ಹೋಯ್ತಲ್ಲ!" ಎಂದು ಹಲುಬಿದ.

ಇಂದ್ರಾಣಿ ಮೆಲ್ಲಗೆ ಅಂದಳು: "ನನ್ನ ಕಾರಲ್ಲಿ ಮೂವತ್ತೇ, ಮಾವ."

ಅವನು ತಿರುಗಿದ.

"ಇಲ್ಲಿ ನಿಮ್ಮ ಸೀಟು ಮೂವತ್ತೈದಕ್ಕೆ ಹೋಗುತ್ತೆ. ನಂಗೆ ಮೂವತ್ತು ಕೊಟ್ರೂ ನಿಮ್ಗೆ ಐದು ಉಳೀತು. ಹೋಗ್ತಾ ಐದು, ಬರ್ತಾ ಐದು."

ಬೋರಲಿಂಗಯ್ಯನ ಬೆರಳು ತನ್ನಷ್ಟಕ್ಕೆ ತಾನೇ ಗೆಣ್ಣು ಎಣಿಸತೊಡಗಿತು. ಒಂದು ಸಲ ಎಣಿಸಿದ. ನಂಬಿಕೆ ಸಾಲದೆ ಇನ್ನೊಂದು ಸಲ ಎಣಿಸಿದ. ಮುಖ ಅರಳಿತು.

"ಐದು ದಿನದ್ದು ಮುಂಗಡ ಕೊಡಿ. ಕಾರಿಗೆ ಪೆಟ್ರೋಲ್ ಇಲ್ಲ" ಅಂದಳು ಇಂದ್ರಾಣಿ.

ಅಂಗಿಯ ಒಳಜೇಬಿನಿಂದ ಮುನ್ನೂರು ರೂಪಾಯಿ, ಒಂದೊಂದೇ ನೋಟಾಗಿ, ಹೊರಗೆ ಬಂತು. ಕೊನೆಯ ನೋಟನ್ನು ಬಿಡದೆ ಹಿಡಿದುಕೊಂಡೇ ಅವನು ಕೇಳಿದ: "ಮತ್ತೆ ನನ್ನ ಆಯಿಲ್ ಡಬ್ಬ? ಅದಕ್ಕೆ ಬ್ಯಾರೆ ಕಾಸು ಕೇಳಲ್ಲ ತಾನೆ?"

"ಇಲ್ಲ ಮಾವ. ಅದು ಬಸ್ಸಲ್ಲೇ ಬರ್ಲಿ" ಎಂದು ಇಂದ್ರಾಣಿ ನೋಟನ್ನು ಬಿಡಿಸಿಕೊಂಡಳು. "ಹೆಂಗೂ ಹೋಗೋ ಗಾಡಿ."