ಹಿಮದ ಮೇಲಿನ ಸುಳ್ಳು ಹೆಜ್ಜೆ

ಹಿಮದ ಬೆಟ್ಟಗಳ ನಡುವೆ ಒಂದು ಪುಟ್ಟ ರಾಜ್ಯ. ಆ ರಾಜ್ಯದಲ್ಲಿ ನೀಲವ್ವ ಅಂತ ಒಬ್ಬ ಸೂಲಗಿತ್ತಿ ಇದ್ದಳು. ಊರ ಮಕ್ಕಳೆಲ್ಲ ಮೊದಲು ಅತ್ತಿದ್ದು ಅವಳ ಕೈಯಲ್ಲೇ.

ಅಲ್ಲಿ ಒಂದು ಪದ್ಧತಿ. ಹೊಸ ಹಿಮ ಬಿದ್ದರೆ, ಬೆಟ್ಟ ಬಲ್ಲ ಕುರಿಗಾಹಿಗಳು ಕೋಲಿನಿಂದ ಕುಟ್ಟಿ ನೋಡಿ ಮೊದಲು ದಾಟಬೇಕು. ಉಳಿದವರು ಆ ಹೆಜ್ಜೆಯಲ್ಲೇ ಹೆಜ್ಜೆ ಇಡಬೇಕು. ಮೊದಲ ಹೆಜ್ಜೆ ಮುಟ್ಟಿ ಕಣ್ಣಿಗೊತ್ತಿಕೊಂಡು, "ಮುಂದೆ ಹೋದ ಪುಣ್ಯಾತ್ಮ, ನಿನಗೆ ಶರಣು" ಅನ್ನಬೇಕು. ಆದರೆ ಆ ಚಳಿಯಲ್ಲಿ ಬಗ್ಗೋದು ಯಾರಿಗೆ ಬೇಕು ಹೇಳಿ? ಬರಬರುತ್ತಾ ಜನ ನಿಂತಲ್ಲೇ ಶರಣು ಗೊಣಗಿ ನಡೆಯತೊಡಗಿದರು.

ಇದನ್ನು ಒಂದು ನರಿ ಕಂಡಿತು. ಎಲ್ಲೋ ಸಿಕ್ಕ ಮನುಷ್ಯರ ಹಳೇ ಜೋಡು ಮೆಟ್ಟಿಕೊಂಡು, ಕೆಟ್ಟ ಇಳಿಜಾರಿನ ಮೇಲೆಲ್ಲ ಹೆಜ್ಜೆ ಮೂಡಿಸಿತು. ನರಿ ಹಗುರ, ಹಿಮ ತಾಳಿತು. ಹಿಂದೆ ಬಂದ ಮನುಷ್ಯರನ್ನು ತಾಳಲಿಲ್ಲ. ಅವರು ಹಿಮದ ಜೊತೆ ಜಾರಿಹೋದರೆ ಅವರ ಬುತ್ತಿಯೆಲ್ಲ ನರಿಯ ಪಾಲು.

ಒಂದು ಚಳಿಗಾಲ ಹಿಮ ಬಿತ್ತು, ಗಾಳಿ ಬೀಸಿತು, ಮತ್ತೆ ಹಿಮ ಬಿತ್ತು. ಬೆಳಗಾದಾಗ ಬೆಟ್ಟದಾಚೆ ಹೊಗೆ ಎದ್ದಿತು. ಆಚೆ ಊರಿಗೆ ಕೊಟ್ಟಿದ್ದ ನೀಲವ್ವನ ಮಗಳು ಕೆಂಚಿಗೆ ಹೆರಿಗೆ ಬೇನೆ ಬಂದಿದೆ ಅನ್ನೋದಕ್ಕೆ ಅದೇ ಗುರುತು. ಚೊಚ್ಚಲು ಬೇರೆ, ಆ ಊರಲ್ಲಿ ಇನ್ನೊಬ್ಬ ಸೂಲಗಿತ್ತಿಯೂ ಇಲ್ಲ. ನೀಲವ್ವ ಬಾಣಂತಿಗೆ ತುಪ್ಪದಲ್ಲಿ ಕಟ್ಟಿದ ಅಂಟಿನುಂಡೆ ಗಂಟು ಕಟ್ಟಿಕೊಂಡು, ಕೋಲು ಹಿಡಿದು ಓಡಿದಳು.

ಇಳಿಜಾರಿನ ಅಂಚಿನಲ್ಲಿ ಹೆಜ್ಜೆಗಳಿದ್ದವು. ಬಂಡೆ ಮೇಲೆ ನರಿ ಸಾಧುವಿನ ಹಾಗೆ ಕೂತಿತ್ತು.

"ಬೇಗ ಹೋಗವ್ವ, ಈಗ ತಾನೇ ಒಬ್ಬ ದಾಟಿದ."

ನೀಲವ್ವ ಸೆರಗು ಬಿಗಿದಳು.

"ಬೇಗ ಹೋಗವ್ವ, ಮೋಡ ಕವೀತಾ ಇದೆ."

ನೀಲವ್ವ ಕಾಲೆತ್ತಿದಳು.

"ಬೇಗ ಹೋಗವ್ವ, ಅಲ್ಲಿ ಮಗಳು ಅಳ್ತಾ ಇದ್ದಾಳೆ."

"ಇರಪ್ಪ. ಯಾರ್ಯಾರೋ ತುಳಿದ ದಾರೀಲೇ ನಾನು ಇಷ್ಟು ವರ್ಷ ಬದುಕಿರೋದು. ಶರಣು ಹೇಳದೆ ಹ್ಯಾಗೆ ಹೋಗಲಿ?" ಎಂದು ಬಗ್ಗಿ ಹೆಜ್ಜೆಗೆ ಕೈಯಿಟ್ಟಳು.

ಹೆಜ್ಜೆ ನಾಲ್ಕು ಬೆರಳೂ ಆಳವಿಲ್ಲ! ಮನುಷ್ಯ ನಡೆದಿದ್ದರೆ ಮೊಣಕಾಲವರೆಗೆ ಹೂತಿರಬೇಕಿತ್ತು. ಕೋಲಿನಿಂದ ಕುಟ್ಟಿದಳು, ಖಾಲಿ ಮಡಕೆಯ ಸದ್ದು, ಒಳಗೆ ಟೊಳ್ಳು. ಇದು ನರಿಯದೇ ಕೆಲಸ ಅಂತ ಗೊತ್ತಾಯಿತು. ಆದರೂ ಮುಖದಲ್ಲಿ ತೋರಿಸಲಿಲ್ಲ. ನರಿಗೆ ಬೆನ್ನು ಮಾಡಿ, ಗಂಟು ಬಿಗಿಯುವ ನೆಪದಲ್ಲಿ ಉಂಡೆಗಳನ್ನು ಮಡಿಲಿಗೆ ಸುರಿದು, ಗಂಟಿಗೆ ಕಲ್ಲು ತುಂಬಿದಳು.

"ನರಿಯಪ್ಪ, ಕೈಲಾಗದ ಮುದುಕಿ ನಾನು. ಈ ತುಪ್ಪದುಂಡೆ ಗಂಟು ಆಚೆಗೆ ಹೊತ್ತು ಕೊಡ್ತೀಯಾ?"

ನರಿಯ ಬಾಯಲ್ಲಿ ನೀರೂರಿತು. ಮುದುಕಿ ಬೀಳೋ ತನಕ ಕಾಯೋದ್ಯಾಕೆ, ಹೊತ್ತು ಓಡಿದರಾಯ್ತು ಅಂದುಕೊಂಡಿತು. ಆಸೆಗೆ ಭಾರವೂ ತಿಳಿಯಲಿಲ್ಲ ನೋಡಿ. ಒಂದು ಹೆಜ್ಜೆ ಇಟ್ಟಿತು, ಎರಡು ಹೆಜ್ಜೆ, ಮೂರನೇ ಹೆಜ್ಜೆಗೆ ಧುಮ್! ಇಳಿಜಾರಿಗೆ ಇಳಿಜಾರೇ ಬಿರಿದು ಜಾರಿತು. ನರಿ ಕಣಿವೆಯ ತಳದಲ್ಲಿ ಕುತ್ತಿಗೆವರೆಗೆ ಹೂತು ಊಳಿಟ್ಟಿತು.

ಸಡಿಲ ಹಿಮವೆಲ್ಲ ಹೋಗಿ ಹಳೇ ಗಟ್ಟಿ ಹಿಮ ಬಯಲಾಗಿತ್ತು. ನೀಲವ್ವ ಕುಟ್ಟಿದಳು, ಬಂಡೆಯ ಸದ್ದು. ಕಣಿವೆಯ ಕಡೆ ಕೈಮುಗಿದು, "ಮುಂದೆ ಹೋದ ಪುಣ್ಯಾತ್ಮ, ನಿನಗೂ ಶರಣಪ್ಪ! ದಾರಿ ಮಾಡಿಕೊಟ್ಟೆ" ಎಂದು ನಗುತ್ತಾ ದಾಟಿದಳು.

ಹೊತ್ತು ನೆತ್ತಿಗೇರುವಷ್ಟರಲ್ಲಿ ಮೊಮ್ಮಗಳು ಅಜ್ಜಿಯ ಕೈಗೆ ಬಿದ್ದಳು. ತಾಯಿ ಮಗು ಕ್ಷೇಮ. ನೀಲವ್ವನಿಗೆ ಸಂತೋಷಕ್ಕೆ ಕಣ್ಣು ತುಂಬಿ ಬಂತು.

ಅದಕ್ಕೇ ಮಕ್ಕಳೇ, ಉಪಕಾರ ಮಾಡಿದವರಿಗೆ ಬರೀ ಬಾಯಲ್ಲಿ ಅಲ್ಲ, ಬಗ್ಗಿ ಶರಣು ಅನ್ನಿ. ಬಗ್ಗಿದವರಿಗೆ ನೆಲ ಕಾಣುತ್ತೆ. ಪರರಿಗೆ ಸುಳ್ಳು ದಾರಿ ತೋರಿಸಿದವನು ಒಂದು ದಿನ ತಾನೇ ಅದರಲ್ಲಿ ಜಾರುತ್ತಾನೆ.